ಬೇರು ಕೊಳೆಗೆ ಟ್ರೈಕೊಡರ್ಮಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಎರಡು ವರ್ಷದಿಂದ ಕಾಳುಮೆಣಸಿನ ಬುಡಕ್ಕೆ ಟ್ರೈಕೊಡರ್ಮಾ ಪುಡಿ ಉದುರಿಸುತ್ತಿದ್ದೇವೆ. ಆದರೂ ಮಳೆಗಾಲದಲ್ಲಿ ಬಳ್ಳಿಗಳು ಸೊರಗುತ್ತಲೇ ಇವೆ. ಪುಡಿಯೇ ಕಳಪೆಯೋ?

ಉತ್ತರ: ಇರಬಹುದು. ಪೊಟ್ಟಣದ ಮೇಲಿನ ಅವಧಿ ನೋಡಿ. ಬಿಸಿಲಿಗೆ ಬಿದ್ದಿದ್ದ ಪುಡಿಯನ್ನು ಅವಧಿ ಇದ್ದರೂ ನಂಬಬೇಡಿ. ಆದರೆ ಹೆಚ್ಚಾಗಿ ಎಡವಟ್ಟಾಗುವುದು ‘ಉದುರಿಸುವ’ ಕ್ರಮದಲ್ಲೇ. ಟ್ರೈಕೊಡರ್ಮಾ ಎಂದರೆ ರೋಗ ತರುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಜೀವಂತ ಶಿಲೀಂಧ್ರ. ಬರಿಮಣ್ಣಿನಲ್ಲಿ ಆಹಾರ ಸಿಗದೆ ಅದು ಹೆಚ್ಚುವುದಿಲ್ಲ. ಮೊದಲು ಗೊಬ್ಬರದಲ್ಲಿ ಬೆಳೆಸಿಕೊಂಡು ಆಮೇಲೆ ಬುಡಕ್ಕೆ ಕೊಡಬೇಕು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆ.ಜಿ., ಪುಡಿಮಾಡಿದ ಬೇವಿನ ಹಿಂಡಿ 10 ಕೆ.ಜಿ., ಟ್ರೈಕೊಡರ್ಮಾ 1ರಿಂದ 2 ಕೆ.ಜಿ. ನೆರಳಿನಲ್ಲಿ ಬೆರೆಸಿ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ರಾಶಿ ಒಂದೂವರೆ ಅಡಿಗಿಂತ ಎತ್ತರ ಬೇಡ. ಒದ್ದೆ ಗೋಣಿ ಮುಚ್ಚಿ, ವಾರಕ್ಕೊಮ್ಮೆ ಮಗುಚಿ, ಒಣಗಿದ್ದರೆ ಮತ್ತೆ ನೀರು ಕೊಡಿ. ಸುಮಾರು 15 ದಿನದಲ್ಲಿ ಗೋಣಿಯಡಿ ಮೊದಲು ಬಿಳಿ, ಆಮೇಲೆ ಹಸಿರು ಬೂಸ್ಟು ಹಬ್ಬಿರುತ್ತದೆ. ಹಸಿ ಸಗಣಿ ಸೇರಿಸಿದರೆ ರಾಶಿ ಬಿಸಿಯೇರಿ ಶಿಲೀಂಧ್ರ ಸಾಯುತ್ತದೆ. ಕೈಯಿಟ್ಟರೆ ಸುಡುವ, ಮೂಗಿಗೆ ಘಾಟು ಹೊಡೆಯುವ ಗೊಬ್ಬರ ಈ ಕೆಲಸಕ್ಕೆ ಆಗದು.

ದೊಡ್ಡ ಬಳ್ಳಿಗೆ 2–3 ಕೆ.ಜಿ. ಸಾಕು. ಮೊದಲ ಮಳೆಗೆ ಮಣ್ಣು ನೆನೆದ ಕೂಡಲೇ ಹಾಕಿ, ಜಡಿಮಳೆಯವರೆಗೆ ಕಾಯಬೇಡಿ. ಮಳೆಯ ಅಬ್ಬರ ತಗ್ಗಿದಾಗ ಇನ್ನೊಮ್ಮೆ. ಬುಡ ಅಗೆಯಬೇಡಿ, ಮೇಲ್ಮಣ್ಣಿನಲ್ಲೇ ಇರುವ ಎಳೆಬೇರು ಗಾಯಗೊಂಡರೆ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ಗೊಬ್ಬರ ಹರಡಿ, ಮೇಲೆ ತರಗೆಲೆ ಮುಚ್ಚಿದರೆ ಸಾಕು.

ಇನ್ನೊಂದು ಮಾತು. ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜಿಕೊಂಡು ಬೇರು ಸೇರುತ್ತವೆ. ಬುಡದಲ್ಲಿ ನೀರು ನಿಲ್ಲುವ ತೋಟದಲ್ಲಿ ಬಸಿಗಾಲುವೆ ತೆಗೆಯದೆ ಟ್ರೈಕೊಡರ್ಮಾ ಎಷ್ಟು ಸುರಿದರೂ ವ್ಯರ್ಥ. ಎಲೆ ಜೋತುಬಿದ್ದ ಬಳ್ಳಿಯನ್ನೂ ಇದು ಉಳಿಸದು. ಆ ಹೊತ್ತಿಗೆ ಬೇರು ಕೊಳೆತಿರುತ್ತದೆ.

ಪ್ರಶ್ನೆ: ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಸಿಂಪಡಿಸುವವರು ಇದನ್ನು ಬಳಸಬಹುದೇ?

ಉತ್ತರ: ಎಲೆಗೆ ಶೇ. 1ರ ಬೋರ್ಡೋ ಸಿಂಪಡಿಸಲು ಅಡ್ಡಿಯಿಲ್ಲ, ಬುಡಕ್ಕೆ ಧಾರಾಳವಾಗಿ ಇಳಿಯದಂತೆ ನೋಡಿಕೊಳ್ಳಿ. ಅದರಲ್ಲಿರುವ ತಾಮ್ರ ಟ್ರೈಕೊಡರ್ಮಾಕ್ಕೂ ತೊಂದರೆ ಕೊಡುತ್ತದೆ. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಮದ್ದು ಸುರಿಯಲೇಬೇಕಾದರೆ ಮೊದಲು ಅದನ್ನು ಮುಗಿಸಿ, 15–20 ದಿನ ಬಿಟ್ಟು ಟ್ರೈಕೊಡರ್ಮಾ ಕೊಡಿ. ಸೊರಗು ರೋಗಕ್ಕೇ ಬಳಸುವ ಪೊಟ್ಯಾಸಿಯಂ ಫಾಸ್ಫೊನೇಟ್ ಮದ್ದು ಟ್ರೈಕೊಡರ್ಮಾಕ್ಕೆ ತೊಂದರೆ ಕೊಡುವುದಿಲ್ಲ. ರಾಸಾಯನಿಕ ಮದ್ದು, ಟ್ರೈಕೊಡರ್ಮಾ ಎರಡನ್ನೂ ಬಳಸುವ ತೋಟಕ್ಕೆ ಅದೇ ವಾಸಿ.

ಪ್ರಶ್ನೆ: ಶುಂಠಿ ಕೊಳೆಗೂ ಇದೇ ಮದ್ದೇ?

ಉತ್ತರ: ಯಾವ ಕೊಳೆ ಎಂಬುದರ ಮೇಲೆ ಹೋಗುತ್ತದೆ. ಹಳದಿಯಾದ ಗಿಡದ ಕಾಂಡವನ್ನು ಬುಡದಲ್ಲಿ ಕತ್ತರಿಸಿ, ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾ ಸೊರಗು. ಅದಕ್ಕೆ ಟ್ರೈಕೊಡರ್ಮಾ ನೆಚ್ಚಿಕೊಳ್ಳಬೇಡಿ. ರೋಗವಿಲ್ಲದ ಬಿತ್ತನೆ ಗಡ್ಡೆ, ಬೇರೆ ಜಾಗ, ಇವೆರಡು ಮುಖ್ಯ ದಾರಿ. ಎಳೆ ಇಳಿಯದೆ, ಕಾಂಡ ಎಳೆದರೆ ಸುಲಭವಾಗಿ ಕಿತ್ತುಬಂದು ಗಡ್ಡೆ ಮೆತ್ತಗಾಗಿದ್ದರೆ ಪಿಥಿಯಂ ಎಂಬ ಸೂಕ್ಷ್ಮಜೀವಿ ತರುವ ಕೊಳೆ ಎಂದು ತಿಳಿಯಬಹುದು. ಅದನ್ನು ತಡೆಯಲು ನಾಟಿಯಲ್ಲೇ ಪ್ರತಿ ಗುಣಿಗೆ ಮೇಲಿನ ಗೊಬ್ಬರ ಒಂದು ಹಿಡಿ ಹಾಕಿ, ಏರುಮಡಿಯಲ್ಲಿ ನೆಡಿ.