ಪಕ್ಕದ ಸೀಟಿನಿಂದ: ದಂಡ ಹಾಕಬೇಕೋ, ಕಲಿಸಬೇಕೋ?

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ 19 ವರ್ಷ. ದಿನಾ ಬೆಳಗ್ಗೆ ಬೈಕಿನಲ್ಲಿ ಎರಡು ಕ್ಯಾನ್ ಹಾಲು ಡೇರಿಗೆ ಹಾಕಿ ಬರುತ್ತಾನೆ. ಡಿಎಲ್ ಮಾಡಿಸಿರಲಿಲ್ಲ. ಹೋದ ತಿಂಗಳು ಪೊಲೀಸರು ಹಿಡಿದು ದಂಡ ಹಾಕಿದರು. ಹಾಲಿನ ಬಟವಾಡೆ ದುಡ್ಡು ಅದಕ್ಕೇ ಹೋಯ್ತು. ಈಗಲೂ ಡಿಎಲ್ ಇಲ್ಲದೆಯೇ ಓಡಿಸುತ್ತಿದ್ದಾನೆ. ಚೆಕಿಂಗ್ ಇರುವ ರಸ್ತೆ ಬಿಟ್ಟು ತೋಟದ ದಾರಿಯಲ್ಲಿ ಹೋಗುತ್ತಾನೆ ಅಷ್ಟೇ. ಹೀಗೆ ದುಡ್ಡು ಕೀಳುವ ಬದಲು, ಹಿಡಿದವರನ್ನು ಕೂರಿಸಿ ಕಲಿಸಬಾರದಾ?
– ಹೆಸರು ಬೇಡ, ತುರುವೇಕೆರೆ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಕಾಗದದಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು ಆ ತೋಟದ ದಾರಿಯ ಮಾತು. ದಂಡ ಕಟ್ಟಿದ ಮೇಲೆ ನಿಮ್ಮ ಹುಡುಗ ಕಲಿತಿದ್ದು ಪೊಲೀಸರು ಎಲ್ಲಿ ನಿಲ್ಲುತ್ತಾರೆ ಅನ್ನೋದನ್ನ ಮಾತ್ರ. ಕ್ಯಾನಿನಲ್ಲಿ ಹಾಲು ತುಳುಕುವಾಗ ತಿರುವಿನಲ್ಲಿ ಗಾಡಿ ಯಾವ ಕಡೆ ಎಳೆಯುತ್ತದೆ, ಜಲ್ಲಿ ಮೇಲೆ ಮುಂದಿನ ಬ್ರೇಕ್ ಒಂದನ್ನೇ ಹಿಡಿದರೆ ಏನಾಗುತ್ತದೆ, ಇದನ್ನೆಲ್ಲ ಅವನಿಗೆ ಇನ್ನೂ ಯಾರೂ ಹೇಳಿಕೊಟ್ಟಿಲ್ಲ.

ನಾನು ತಿಪಟೂರಿನಲ್ಲಿ 21 ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ಕಲಿಸುವುದೇ ನನ್ನ ಕಸುಬು. ಆದರೂ ದಂಡವೇ ಬೇಡ ಅಂತ ನಾನು ಹೇಳುವುದಿಲ್ಲ. ಯಾಕೆ ಅಂತ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಒಂದು ಊರಿನ ಡೇರಿ ಕಟ್ಟಡದಲ್ಲಿ ನಾನೇ ಪುಕ್ಕಟೆ ಪಾಠ ಇಟ್ಟುಕೊಂಡಿದ್ದೆ. ಎಲ್‌ಎಲ್‌ಆರ್ (ಡಿಎಲ್‌ಗೆ ಮುಂಚೆ ಕಲಿಯುವವರಿಗೆ ಕೊಡುವ ಲೈಸೆನ್ಸ್) ಅರ್ಜಿ ತುಂಬಿಕೊಡುವುದು, ರಸ್ತೆ ಬೋರ್ಡುಗಳನ್ನು ಗುರುತಿಸುವುದು, ಸ್ಕೂಲ್ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು ಎಂಟು ಹಾಕುವ, ಅಂದರೆ 8ರ ಆಕಾರದಲ್ಲಿ ಬೈಕ್ ಓಡಿಸುವ ಅಭ್ಯಾಸ. ಹಾಲು ಹಾಕಲು ಬಂದ 43 ಜನ ಹೆಸರು ಬರೆಸಿದರು. ಭಾನುವಾರ ಬಂದವರು 7 ಜನ. ಅದೇ ವಾರ ಊರಾಚೆ ಸೇತುವೆ ಹತ್ತಿರ ಎರಡು ದಿನ ಚೆಕಿಂಗ್ ಆಯಿತು. ಮುಂದಿನ ಭಾನುವಾರ ಡೇರಿ ಜಗಲಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಸಮುದಾಯ ಭವನದಿಂದ ಕುರ್ಚಿ ತರಿಸಬೇಕಾಯಿತು. ಅವರಲ್ಲಿ ಬಹಳ ಮಂದಿ ಈಗ ಡಿಎಲ್ ಇಟ್ಟುಕೊಂಡು ಓಡಿಸುತ್ತಿದ್ದಾರೆ. ದಂಡದ ಭಯ ಅವರನ್ನು ಜಗಲಿಯವರೆಗೆ ಕರೆತಂತು ಅನ್ನೋದು ನಿಜ. ಆದರೆ ಆವತ್ತು ಅಲ್ಲಿ ಪಾಠ ಇಲ್ಲದಿದ್ದರೆ ಅವರೂ ನಿಮ್ಮ ಮಗನ ಹಾಗೆ ತೋಟದ ದಾರಿ ಹಿಡಿಯುತ್ತಿದ್ದರು.

ಡಿಎಲ್ ಇಲ್ಲದೆ ಓಡಿಸಿದರೆ ಮೊದಲು ಮೋಟಾರು ವಾಹನ ಕಾಯ್ದೆಯಲ್ಲಿ 500 ರೂಪಾಯಿ ದಂಡ ಇತ್ತು. ಕಾಯ್ದೆಗೆ ತಿದ್ದುಪಡಿ ತಂದು 2019ರ ಸೆಪ್ಟೆಂಬರ್ 1ರಿಂದ ಅದು 5,000 ಆಯಿತು. ಒಂದೇ ಸಲಕ್ಕೆ ಹತ್ತು ಪಟ್ಟು. ಜನ ಕೂಗಾಡಿದ ಮೇಲೆ ನಮ್ಮ ರಾಜ್ಯದಲ್ಲಿ ಅದೇ ತಿಂಗಳು ಹಲವು ತಪ್ಪುಗಳಿಗೆ ಸ್ಥಳದಲ್ಲೇ ಕಟ್ಟುವ ದಂಡ ಇಳಿಸಿದರು. ಏರಿಸುವುದು, ಇಳಿಸುವುದು, ಬರೀ ಇದೇ ಚರ್ಚೆ. ಕಲಿಸುವ ಮಾತು ಬರಲೇ ಇಲ್ಲ.

ಇನ್ನೊಂದು ವಿಷಯ ಇದೆ. ಡಿಎಲ್ ಇದ್ದವನು ತಪ್ಪು ಮಾಡಿ ಅದು ಅಮಾನತಾದರೆ, ಅವನು ಮತ್ತೆ ತರಬೇತಿ ಪಡೆಯಬೇಕು ಅಂತ ಅದೇ 2019ರ ತಿದ್ದುಪಡಿಯಲ್ಲಿ ಬರೆದಿದೆ. ಒಂದು ಸಲ ಕಲಿತವನಿಗೆ ಇನ್ನೊಂದು ಸಲ ಪಾಠ. ಏನೂ ಕಲಿಯದವನಿಗೆ ರಸೀದಿ ಕೊಟ್ಟು ಮನೆಗೆ ಕಳಿಸುವುದು. ಇದು ಉಲ್ಟಾ ಅಲ್ವಾ?

ನನ್ನ ಕೇಳಿದರೆ ಹೀಗೆ ಮಾಡಲಿ. 18 ದಾಟಿದವನು ಮೊದಲ ಸಲ ಸಿಕ್ಕಿಬಿದ್ದರೆ ದಂಡ ಬರೆಯಲಿ, ಆದರೆ ಆಗಲೇ ವಸೂಲಿ ಮಾಡುವುದು ಬೇಡ. ಮೂರು ತಿಂಗಳು ಗಡುವು ಕೊಡಲಿ. ಅಷ್ಟರಲ್ಲಿ ಡಿಎಲ್ ತಂದು ತೋರಿಸಿದರೆ ದಂಡ ಮಾಫಿ. ತೋರಿಸದಿದ್ದರೆ ಪೂರ್ತಿ ವಸೂಲಿ. ಮೂರು ತಿಂಗಳು ಅಂತ ನಾನು ಸುಮ್ನೆ ಹೇಳುತ್ತಿಲ್ಲ. ಎಲ್‌ಎಲ್‌ಆರ್ ಸಿಕ್ಕಿ 30 ದಿನ ಆದ ಮೇಲೆಯೇ ಡ್ರೈವಿಂಗ್ ಟೆಸ್ಟ್. ನಮ್ಮಂಥ ಸ್ಕೂಲಿನಲ್ಲಿ ಕಲಿತರೆ ಕಡಿಮೆ ಅಂದರೂ 21 ದಿನ. ಎಂಟು ಹಾಕುವಾಗ ಕಾಲು ನೆಲಕ್ಕೆ ಊರಿ ಫೇಲಾದರೆ ಮತ್ತೆ 7 ದಿನ ಬಿಟ್ಟು ಹೋಗಬೇಕು. ಕೂಲಿ ಬಿಟ್ಟು ಓಡಾಡುವವರಿಗೆ ಇದೆಲ್ಲ ಮುಗಿಯಲು ಮೂರು ತಿಂಗಳು ಬೇಕೇ ಬೇಕು. ಎರಡನೇ ಸಲ ಸಿಕ್ಕಿಬಿದ್ದವನಿಗೆ ಮಾತ್ರ ನನ್ನಲ್ಲಿ ಕನಿಕರ ಇಲ್ಲ.

ಅದು ಆಗುವ ಕಾಲಕ್ಕೆ ಆಗಲಿ. ನೀವು ಈ ವಾರವೇ ಮಗನಿಂದ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಿಸಿ. ಬೈಕಿಗೆ ಎಲ್‌ಎಲ್‌ಆರ್ ಶುಲ್ಕ 150, ಅದರ ಪರೀಕ್ಷೆಗೆ 50. ಆಮೇಲೆ ಡ್ರೈವಿಂಗ್ ಟೆಸ್ಟಿಗೆ 300, ಡಿಎಲ್‌ಗೆ 200. ಪರೀಕ್ಷೆ ಕನ್ನಡದಲ್ಲೇ ಬರೆಯಬಹುದು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಕೈಗೆ ಬರುವವರೆಗೆ ಹಾಲು ಬೇರೆ ಯಾರಾದರೂ ಒಯ್ಯಲಿ. ಬಂದ ಮೇಲೆ ಗಾಡಿಯ ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿಕೊಂಡು ಓಡಿಸಲಿ. ಹಿಂದೆ ಯಾರನ್ನೂ ಕೂರಿಸುವ ಹಾಗಿಲ್ಲ, ಡಿಎಲ್ ಇದ್ದು ಅವನಿಗೆ ಕಲಿಸುವವರು ಮಾತ್ರ ಕೂರಬಹುದು. ಹೆಲ್ಮೆಟ್ ಬಿಡಬಾರದು.

ಪ್ರಶ್ನೆ: ಮೇಡಂ, ನನಗೆ 52. ಟ್ರ್ಯಾಕ್ಟರ್ ಓಡಿಸಲು ಶುರು ಮಾಡಿ 25 ವರ್ಷ ಆಯಿತು. ಒಂದು ಕೋಳಿಗೂ ತಾಗಿಸಿಲ್ಲ. ಡಿಎಲ್ ಇಲ್ಲ ಅಂತ ನನ್ನನ್ನು ಟ್ರೇನಿಂಗಿಗೆ ಕೂರಿಸಿದರೆ ಅವಮಾನ ಅಲ್ಲವೇ?
– ರೈತರು, ಅರಸೀಕೆರೆ ತಾಲ್ಲೂಕು

ಉತ್ತರ: ಅಣ್ಣಾ, ನಿಮ್ಮ ಕೈ ಪಳಗಿದ ಕೈ. ನಿಮಗೆ ಗೇರ್ ಹಾಕುವುದನ್ನು ನಾನು ಹೇಳಿಕೊಡಬೇಕಿಲ್ಲ. ತರಬೇತಿ ಬೇಡ, ನೇರ ಎಲ್‌ಎಲ್‌ಆರ್ ಮಾಡಿಸಿ ಟೆಸ್ಟ್ ಕೊಡಿ. 40 ದಾಟಿದ್ದರಿಂದ ವೈದ್ಯರ ಸರ್ಟಿಫಿಕೇಟ್ ಬೇಕು. ಇದನ್ನು ಬರೀ ಕಾಗದ ಅಂದುಕೊಳ್ಳಬೇಡಿ. ನಿಮ್ಮ ಹಾಗೆಯೇ ಚೆನ್ನಾಗಿ ಓಡಿಸುತ್ತಿದ್ದ ಒಬ್ಬರು ನನ್ನ ಹತ್ತಿರ ಬಂದಿದ್ದರು. ವೈದ್ಯರು ನೋಡಿದಾಗ ಎಡಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಅವರಿಗೇ ಗೊತ್ತಿರಲಿಲ್ಲ. ಆಪರೇಷನ್ ಮಾಡಿಸಿಕೊಂಡು ಬಂದು ಟೆಸ್ಟ್ ಪಾಸಾದರು.

ನೀವು ದಂಡದ ಲೆಕ್ಕ ಬಿಟ್ಟು ಇನ್ಶೂರೆನ್ಸ್ ಲೆಕ್ಕ ಹಾಕಿ. ಓಡಿಸಿದವನಿಗೆ ಡಿಎಲ್ ಇರಲಿಲ್ಲ ಅಂತಾದರೆ, ಪೆಟ್ಟು ತಿಂದವರಿಗೆ ಕಂಪನಿ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿ ಮಾಲೀಕನಿಂದ ವಾಪಸ್ ವಸೂಲು ಮಾಡಬಹುದು. ಸುಪ್ರೀಂ ಕೋರ್ಟ್ 2004ರಲ್ಲೇ ಈ ದಾರಿ ತೋರಿಸಿದೆ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಅಣ್ಣನ ಟ್ರ್ಯಾಕ್ಟರನ್ನು ತಮ್ಮ ಓಡಿಸಿದ. ಎದುರಿನ ಬೈಕ್ ಸವಾರನ ಕಾಲು ಹೋಯಿತು. ತಮ್ಮನೂ ಹತ್ತಾರು ವರ್ಷ ಓಡಿಸಿ ಅನುಭವ ಇದ್ದವನೇ. ವರ್ಷಗಳಾದ ಮೇಲೆ ಅಣ್ಣನ ಹೆಸರಿಗೆ ವಸೂಲಿ ನೋಟಿಸ್ ಬಂತು. ಫಲ ಬಿಡುತ್ತಿದ್ದ ತೆಂಗಿನ ತೋಟದಲ್ಲಿ ಮೂವತ್ತು ಗುಂಟೆ ಮಾರಿದರು. ಆ ಮನೆಯ ತಾಯಿ ಈಗಲೂ ಆ ತೋಟದ ಮುಂದೆ ಹೋಗುವಾಗ ತಲೆ ಎತ್ತುವುದಿಲ್ಲ.

ಮದುವೆಗೆ, ಜಾತ್ರೆಗೆ ಟ್ರೇಲರ್‌ನಲ್ಲಿ ಜನ ತುಂಬಿಕೊಂಡು ಹೋಗುವುದನ್ನೂ ಬಿಟ್ಟುಬಿಡಿ ಅಣ್ಣಾ. ಅದು ಜನ ಸಾಗಿಸಲು ಇರುವ ಗಾಡಿಯಲ್ಲ. ಎಷ್ಟೇ ಚೆನ್ನಾಗಿ ಓಡಿಸಿದರೂ ಕೆರೆ ಏರಿ ಮೇಲೆ ಒಂದು ಗಾಲಿ ಜಾರಿದರೆ ಸಾಕು.

ಪ್ರಶ್ನೆ: ಮಗಳಿಗೆ 16, ಮೊದಲ ಪಿಯುಸಿ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ, ಆದರೆ ಬೆಳಗಿನ ಬಸ್ ನಮ್ಮೂರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ, ನಿಲ್ಲಿಸುವುದೇ ಇಲ್ಲ. ಅದಕ್ಕೆ 110 ಸಿಸಿ ಸ್ಕೂಟಿ ಕೊಡಿಸಿದ್ದೇನೆ. ಹೆಲ್ಮೆಟ್ ಹಾಕುತ್ತಾಳೆ, ಚೆನ್ನಾಗಿ ಓಡಿಸುತ್ತಾಳೆ. ಹಿಡಿದರೆ ದಂಡ ಬೀಳುತ್ತಾ?
– ಒಬ್ಬ ತಂದೆ, ಗುಬ್ಬಿ

ಉತ್ತರ: ಬೀಳುತ್ತದೆ, ನಿಮ್ಮ ಮೇಲೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗಳಿಗೆ 25 ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಸಿಗುವುದಿಲ್ಲ. ನಮ್ಮ ರಾಜ್ಯದ ಕೋರ್ಟುಗಳು ಎಷ್ಟೋ ತಂದೆ ತಾಯಂದಿರಿಂದ ಈ 25,000 ಕಟ್ಟಿಸಿವೆ. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ನೀವು ಕೊಡಿಸಿರುವುದು ಅದಲ್ಲ.

ಮೇಲೆ ಮೊದಲ ಸಲದವರಿಂದ ದಂಡ ಆಗಲೇ ವಸೂಲಿ ಬೇಡ, ಗಡುವು ಕೊಡಿ ಅಂದೆ. ನಿಮ್ಮ ವಿಷಯದಲ್ಲಿ ಆ ಮಾತು ಹೇಳಲಾರೆ. ಹಾಲು ಒಯ್ಯುವ ಹುಡುಗ ತಾನೇ ಗಾಡಿ ಹತ್ತಿದ. ನಿಮ್ಮ ಮಗಳ ಕೈಗೆ ಕೀ ಕೊಟ್ಟಿದ್ದು ನೀವು. ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ, ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತ ಹೆಣ್ಣುಮಕ್ಕಳನ್ನು ನಾನು ದಿನಾ ಬಿಎಚ್ ರಸ್ತೆಯಲ್ಲಿ ನೋಡುತ್ತೇನೆ. ಆ ಬಸ್ ಕಾಯುವ ಮಕ್ಕಳ ಮನೆಯವರೆಲ್ಲ ಸೇರಿ, ಮಕ್ಕಳ ಸಂಖ್ಯೆ ಮತ್ತು ಕಾಲೇಜಿನ ಸಮಯ ಬರೆದು, ಪ್ರಿನ್ಸಿಪಾಲರ ಸಹಿ ಹಾಕಿಸಿ ಡಿಪೋ ಮ್ಯಾನೇಜರ್‌ಗೆ ಅರ್ಜಿ ಕೊಡಿ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಅಲ್ಲಿಯವರೆಗೆ ಅವಳನ್ನು ನೀವೇ ಬಿಟ್ಟುಬನ್ನಿ. ಸ್ಕೂಟಿ ಕೀಯನ್ನು ಇವತ್ತು ಸಂಜೆಯೇ ಇಸಿದುಕೊಳ್ಳಿ.