ಕಾಮಾಲೆಗೆ ಮನೆಯಲ್ಲಿ ಕೊಡುವ ನೆಲನೆಲ್ಲಿಯನ್ನು ಲ್ಯಾಬಿನಲ್ಲಿ ಪರೀಕ್ಷಿಸುವುದು ಹೇಗೆ?

ಶಿರಸಿ ಕಡೆ ಕಾಮಾಲೆಗೆ ನೆಲನೆಲ್ಲಿ ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುತ್ತಾರೆ. ಅದು ಲಿವರನ್ನು ಕಾಯುತ್ತದೆಯೇ, ಉರಿಯೂತ ಇಳಿಸುತ್ತದೆಯೇ ಎಂದು ಎಂ.ಫಾರ್ಮ್ ಪ್ರಾಜೆಕ್ಟಿಗೆ ಇಲಿಗಳ ಮೇಲೆ ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ಗಿಡದಿಂದಲೇ ಶುರು ಮಾಡಿ. ಮಳೆ ಬಿದ್ದೊಡನೆ ಒಂದೇ ಅಂಗಳದಲ್ಲಿ ಎರಡು ಮೂರು ಜಾತಿ ಒಟ್ಟಿಗೆ ಏಳುತ್ತವೆ. ನಿಮಗೆ ಬೇಕಾದದ್ದು ಫಿಲಾಂಥಸ್ ಅಮಾರಸ್: ಕಾಂಡ ಹಸಿರು, ಎಲೆಯಡಿ ಸಾಲಾಗಿ ತೂಗುವ ಕಾಯಿಗೆ ಸಣ್ಣ ತೊಟ್ಟಿದೆ, ಮೈ ನುಣುಪು. ಫಿಲಾಂಥಸ್ ಯೂರಿನೇರಿಯಾದ ಕಾಂಡ ಕೆಂಪು, ಕಾಯಿ ತೊಟ್ಟಿಲ್ಲದಂತೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ಲೆನ್ಸಿನಲ್ಲಿ ನೋಡಿದರೆ ಮೈ ತರಿತರಿ. ಕಾಯಿ ಇರುವ ಗಿಡವನ್ನು ಬೇರುಸಮೇತ ಒತ್ತಿ ಒಣಗಿಸಿ, ಬಲ್ಲವರಿಂದ ಹೆಸರು ಖಚಿತಪಡಿಸಿಕೊಂಡು ಹರ್ಬೇರಿಯಂ (ಒಣಗಿಡಗಳ ಸಂಗ್ರಹಾಲಯ) ಸಂಖ್ಯೆ ಪಡೆಯಿರಿ. ಶಿರಸಿಯಲ್ಲೇ ಅರಣ್ಯ ಕಾಲೇಜಿದೆ, ಅಲ್ಲಿ ವಿಚಾರಿಸಬಹುದು.

ಅಡಿಕೆ ತೋಟದೊಳಗಿನ ಗಿಡ ಬೇಡ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಮರದಿಂದ ತೊಟ್ಟಿಕ್ಕಿ ಕೆಳಗಿನ ಸೊಪ್ಪಿನ ಮೇಲೂ ಕೂತಿರುತ್ತದೆ. ಮೈಲುತುತ್ತದ ತಾಮ್ರ ಹೆಚ್ಚಾದರೆ ಪೆಟ್ಟು ಬೀಳುವುದು ಲಿವರಿಗೇ. ಒಣಗಿಸುವುದೂ ಹಾಗೆಯೇ. ಜುಲೈ ತಿಂಗಳ ಥಂಡಿಯಲ್ಲಿ ‘ನೆರಳಲ್ಲಿ ಒಣಗಿಸಿದೆ’ ಎಂದರೆ ಬಹುಮಟ್ಟಿಗೆ ಬೂಷ್ಟು ಹಿಡಿಸಿದೆ ಎಂದೇ ಲೆಕ್ಕ. ಕೆಲವು ಬೂಷ್ಟುಗಳ ಅಫ್ಲಾಟಾಕ್ಸಿನ್ ನೇರ ಲಿವರಿನ ವಿಷ. ಅಟ್ಟದ ಹೊಗೆಯೂ ಬೇಡ. ಟ್ರೇ ಡ್ರೈಯರಿನಲ್ಲಿ 40–45 ಡಿಗ್ರಿಗೆ ತೆಳುವಾಗಿ ಹರಡಿ. ಎಲೆ ಮುಟ್ಟಿದರೆ ಉದುರಬೇಕು, ಕಾಂಡ ಚಟ್ಟನೆ ಮುರಿಯಬೇಕು. ಹಸಿ ತೂಕ, ಒಣ ತೂಕ ಎರಡನ್ನೂ ಬರೆದಿಡಿ, ಮುಂದೆ ಬೇಕಾಗುತ್ತದೆ.

ಸಾರ ಎರಡು ಬಗೆಯಲ್ಲಿ ತೆಗೆಯಿರಿ: ನೀರಿನದೊಂದು, 70% ಎಥನಾಲಿನದೊಂದು. ಈ ಗಿಡದ ಮುಖ್ಯ ರಾಸಾಯನಿಕಗಳಲ್ಲೊಂದಾದ ಫಿಲಾಂಥಿನ್ ನೀರಿಗೆ ಬಿಟ್ಟುಕೊಳ್ಳುವುದು ತೀರ ಕಡಿಮೆ, ಕಷಾಯದಲ್ಲಿ ಬರುವುದು ಬಹುಪಾಲು ಒಗರಿನ ಟ್ಯಾನಿನ್‌ಗಳು. ಮನೆಯಲ್ಲಾದರೆ ಅರೆದ ಸೊಪ್ಪು ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಮೆಥನಾಲ್ ಸಾರವೊಂದನ್ನೇ ಪರೀಕ್ಷಿಸಿ ‘ಮನೆಮದ್ದು ಸಾಬೀತಾಯಿತು’ ಎಂದು ಬರೆಯುವುದು ನನಗಂತೂ ಒಪ್ಪಿಗೆಯಿಲ್ಲ. 100 ಗ್ರಾಂ ಪುಡಿಗೆ 1 ಲೀಟರ್ 70% ಎಥನಾಲ್, 72 ಗಂಟೆ, ಆಗಾಗ ಅಲುಗಿಸಿ. ಸೋಸಿ 45 ಡಿಗ್ರಿ ಮೀರದಂತೆ ಇಂಗಿಸಿ.

ಡೋಸ್ ವಿಷಯದಲ್ಲಿ ಕಣ್ಣುಮುಚ್ಚಿ ಕೆಜಿಗೆ 200, 400 ಮಿ.ಗ್ರಾಂ ಎಂದು ಬರೆಯಬೇಡಿ. ಮನೆಯಲ್ಲಿ ದಿನಕ್ಕೆ 10 ಗ್ರಾಂ ಹಸಿ ಗಿಡ ಕೊಡುತ್ತಾರೆ, ಅದು ಒಣಗಿ 2 ಗ್ರಾಂ ಆಗುತ್ತದೆ, ಸಾರದ ಇಳುವರಿ 15% ಎಂದಿಟ್ಟುಕೊಳ್ಳಿ. ಸಿಗುವುದು 300 ಮಿ.ಗ್ರಾಂ. 60 ಕೆಜಿ ಆಳಿಗೆ ಕೆಜಿಗೆ 5 ಮಿ.ಗ್ರಾಂ. ಮನುಷ್ಯನ ಡೋಸನ್ನು ಇಲಿಗೆ ಬದಲಾಯಿಸುವ ರೂಢಿಯ ಗುಣಕ 6.2ರಿಂದ ಗುಣಿಸಿದರೆ ಕೆಜಿಗೆ 31. ಇದೇ ಲೆಕ್ಕದಲ್ಲಿ 400 ಎಂದರೆ ಮನುಷ್ಯ ದಿನಕ್ಕೆ ಸುಮಾರು 130 ಗ್ರಾಂ ಹಸಿ ಗಿಡ ನುಂಗಬೇಕು! ಕೆಜಿಗೆ 30, 100, 300 ಮಿ.ಗ್ರಾಂ ಇಟ್ಟುಕೊಳ್ಳಿ. ಇದಕ್ಕೂ ಮೊದಲು ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ, ಆಮೇಲೆ ಒಇಸಿಡಿ 423 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಂತೆ ವಿಷಪರೀಕ್ಷೆ.

ಲಿವರಿನ ಪರೀಕ್ಷೆಗೆ 150–200 ಗ್ರಾಂನ ವಿಸ್ಟಾರ್ ಇಲಿಗಳು, ಗುಂಪಿಗೆ 6. ಸಾರವನ್ನು 0.5% ಸಿಎಂಸಿ (ಪುಡಿ ತಳ ಸೇರದಂತೆ ತಡೆಯುವ ಅಂಟು) ದ್ರಾವಣದಲ್ಲಿ ಕದಡಿ 7 ದಿನ ಬಾಯಿಂದ ಕೊಡಿ. ಕೊನೆಯ ದಿನ ಒಂದು ಗಂಟೆ ಬಿಟ್ಟು, ಲಿವರನ್ನು ಕೆಡಿಸುವ ಕಾರ್ಬನ್ ಟೆಟ್ರಾಕ್ಲೋರೈಡ್ ಮತ್ತು ಆಲಿವ್ ಎಣ್ಣೆಯ ಸಮಪಾಲು ಮಿಶ್ರಣವನ್ನು ಕೆಜಿಗೆ 1 ಮಿ.ಲೀ. ಹೊಟ್ಟೆಯ ಪೊರೆಯೊಳಗೆ ಚುಚ್ಚಿ. 24 ಗಂಟೆಗೆ ರಕ್ತ. ಹೋಲಿಕೆಗೆ ಲಿವರ್ ಕಾಯುವ ಮದ್ದೆಂದು ಬಳಸುವ ಸಿಲಿಮರಿನ್, ಕೆಜಿಗೆ 100 ಮಿ.ಗ್ರಾಂ. ವಿಷವಿಲ್ಲದ ಗುಂಪಿಗೂ ಬರೀ ಎಣ್ಣೆ ಚುಚ್ಚಬೇಕು; ಸಾರ ಮಾತ್ರ ಕೊಟ್ಟ ಗುಂಪೊಂದೂ ಇರಲಿ. ಸೂಜಿಯಲ್ಲಿ ಜೋರಾಗಿ ಎಳೆದರೆ ಕೆಂಪುಕಣ ಒಡೆದು ಎಸ್‌ಜಿಒಟಿ (ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಕಿಣ್ವ) ಸುಮ್ಮನೆ ಏರುತ್ತದೆ. ಸೀರಮ್ ಗುಲಾಬಿ ಕಂಡರೆ ಆ ಮಾದರಿ ಬಿಟ್ಟುಬಿಡಿ.

ಇಲ್ಲೊಂದು ಬಲೆಯಿದೆ. ಕಾರ್ಬನ್ ಟೆಟ್ರಾಕ್ಲೋರೈಡ್ ವಿಷವಾಗುವುದು ಲಿವರಿನ ಸಿವೈಪಿ2ಇ1 ಎಂಬ ಕಿಣ್ವ ಅದನ್ನು ಒಡೆದಾಗ. ನಿಮ್ಮ ಸಾರ ಆ ಕಿಣ್ವವನ್ನೇ ತಡೆದರೆ ವಿಷ ಹುಟ್ಟುವುದೇ ಇಲ್ಲ; ಎಸ್‌ಜಿಪಿಟಿ (ಅಂಥದೇ ಇನ್ನೊಂದು ಕಿಣ್ವ) ಇಳಿದದ್ದು ಕಂಡು ‘ಲಿವರನ್ನು ಕಾಯಿತು’ ಎನ್ನುತ್ತೀರಿ. ಕಾಮಾಲೆಯವರಿಗೆ ಮದ್ದು ಸಿಗುವುದು ಲಿವರ್ ಕೆಟ್ಟ ಮೇಲೆ. ಆದ್ದರಿಂದ ಮೊದಲು ವಿಷ, ಆಮೇಲೆ ಸಾರ ಕೊಡುವ ಇನ್ನೊಂದು ತಂಡ ಬೇಕು. ಒಂದೇ ಸಲದ ಪೆಟ್ಟಿನಿಂದ ಇಲಿಯ ಲಿವರ್ ತಾನಾಗಿಯೇ ಕೆಲವು ದಿನಗಳಲ್ಲಿ ಚೇತರಿಸುತ್ತದೆ, ಹಾಗಾಗಿ ಅದೇ ದಿನಗಳಂದು ವಿಷ ಮಾತ್ರ ಕೊಟ್ಟ ಇಲಿಗಳ ರಕ್ತವನ್ನೂ ನೋಡಬೇಕು. ಮನೆಯಲ್ಲೂ ಇದೇ ಎಡವಟ್ಟು: ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹೆಸರು ಸೊಪ್ಪಿಗೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ತಂಡ ಹೆಪಟೈಟಿಸ್ ಬಿ ವಾಹಕರಲ್ಲಿ ಇದೇ ಗಿಡ ಪಡೆದ 37 ಜನರಲ್ಲಿ 22, ಹುಸಿಮದ್ದು ಪಡೆದ 23ರಲ್ಲಿ ಒಬ್ಬರು ಮಾತ್ರ ವೈರಸ್ಸಿನ ಗುರುತು ಕಳೆದುಕೊಂಡರೆಂದು ಪ್ರಕಟಿಸಿತು. ಬೇರೆಡೆ ನಡೆದ ಹಲವು ಪರೀಕ್ಷೆಗಳಲ್ಲಿ ಅದೇ ಫಲಿತಾಂಶ ಮತ್ತೆ ಸಿಗಲಿಲ್ಲ.

ಉರಿಯೂತದ ಪರೀಕ್ಷೆಗೆ ಊತ ಬರಿಸುವ ಕ್ಯಾರಜೀನನ್ (ಕಡಲಪಾಚಿಯ ಅಂಟು) ಸಾಕು. 1% ದ್ರಾವಣ 0.1 ಮಿ.ಲೀ. ಹಿಂಗಾಲಿನ ಅಂಗಾಲಿಗೆ, ಹಿಂದಿನ ದಿನವೇ ಸಲೈನಿನಲ್ಲಿ ನೆನೆಸಿಡಿ, ಇಲ್ಲದಿದ್ದರೆ ಗಂಟು ಸೂಜಿಗೆ ಸಿಕ್ಕಿಕೊಳ್ಳುತ್ತದೆ. ಹರಡಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದು ಪ್ರತಿಸಲ ಊತ ಅಳೆಯುವ ಪ್ಲೆಥಿಸ್ಮೋಮೀಟರಿನಲ್ಲಿ ಕಾಲನ್ನು ಅಲ್ಲಿಯವರೆಗೇ ಅದ್ದಿ, 0ಯಿಂದ 4 ಗಂಟೆಯವರೆಗೆ ಅಳೆಯಿರಿ. ಮೊದಲ ಗಂಟೆಯ ಊತ ಹಿಸ್ಟಮಿನ್, ಸೆರೊಟೋನಿನ್‌ಗಳದು, 3ನೇ ಗಂಟೆಯದು ಮುಖ್ಯವಾಗಿ ಪ್ರೊಸ್ಟಗ್ಲಾಂಡಿನ್‌ಗಳದು, ಹೋಲಿಕೆಗಿಡುವ ಉರಿಯೂತದ ಮದ್ದು ಇಂಡೊಮೆಥಾಸಿನ್‌ನ (ಕೆಜಿಗೆ 10 ಮಿ.ಗ್ರಾಂ) ಕೆಲಸ ಕಾಣುವುದು ಅಲ್ಲಿ. ಸಾರವನ್ನು ಮಾತ್ರ ಹೊಟ್ಟೆಗೆ ಚುಚ್ಚಬೇಡಿ, ಒಂದು ಗಂಟೆ ಮುಂಚೆ ಬಾಯಿಂದಲೇ ಕೊಡಿ. ಟ್ಯಾನಿನ್ ಒಳಗೆ ಕೆರಳಿಸಿದರೆ ಅದರಿಂದಲೇ ಕಾಲಿನ ಊತ ತಗ್ಗುತ್ತದೆ, ಔಷಧ ಗುಣ ಎಂದು ನೀವು ಬರೆದುಬಿಡುತ್ತೀರಿ.