ಗಾಡಿ ಮಾತು: ಮೊದಲ ದೊಡ್ಡ ಬೈಕು, ಮಲೆನಾಡಿನ ರಸ್ತೆ

ಈ ಸಲದ ಪತ್ರಗಳೆಲ್ಲ ಹಾಸನ, ಚಿಕ್ಕಮಗಳೂರು ಜಿಲ್ಲೆಯವು. 100–125 ಸಿಸಿ ಗಾಡಿಯಿಂದ ದೊಡ್ಡದಕ್ಕೆ ಏರಲು ಹೊರಟವರ ಪ್ರಶ್ನೆಗಳೇ ಹೆಚ್ಚು.

ಪ್ರಶ್ನೆ: ಮನೆ ಚಿಕ್ಕಮಗಳೂರು, ಕೆಲಸ ಬೇಲೂರಿನಲ್ಲಿ. ಎಂಟು ವರ್ಷದಿಂದ 125 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಎತ್ತರ 5 ಅಡಿ 5 ಅಂಗುಲ. ಭಾನುವಾರ ಗಿರಿ ಕಡೆಗೋ ಚಾರ್ಮಾಡಿಗೋ ಹೋಗಿ ಬರುವ ಆಸೆ, ಆಗೀಗ ಹೆಂಡತಿಯೂ ಜೊತೆಗಿರುತ್ತಾಳೆ. 350 ತಗೊಳ್ಳಲೋ, 400 ತಗೊಳ್ಳಲೋ? ‘ತಗೊಂಡ್ರೆ 400 ತಗೋ, ಇಲ್ಲಾಂದ್ರೆ ವರ್ಷದಲ್ಲಿ ಬೇಜಾರಾಗುತ್ತೆ’ ಅಂತಾರೆ ಗೆಳೆಯರು.

ಉತ್ತರ: ಮೊದಲು ಕಿಲೋಮೀಟರ್ ಲೆಕ್ಕ ಹಾಕೋಣ. ಬೇಲೂರಿಗೆ ಹೋಗಿ ಬರಲು ದಿನಕ್ಕೆ ಸುಮಾರು 50 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 1,250. ನಾಲ್ಕು ಭಾನುವಾರ ತಲಾ ನೂರು ಕಿ.ಮೀ. ಸುತ್ತಿದರೂ ಗಾಡಿ ಓಡುವುದರಲ್ಲಿ ಮುಕ್ಕಾಲು ಪಾಲು ಬೇಲೂರು ರಸ್ತೆಯದೇ. ಹಾಗಾಗಿ ಆ ರಸ್ತೆಗೆ ಹೊಂದುವ ಗಾಡಿ ಬೇಕು. ಭಾನುವಾರಕ್ಕಾಗಿ ಅದರಲ್ಲಿ ಸ್ವಲ್ಪ ಹೊಂದಾಣಿಕೆ ಮಾಡಿಕೊಳ್ಳಬಹುದು. ಅಂಗಡಿಗೆ ಹೋದ ಬಹಳಷ್ಟು ಜನ ಇದನ್ನು ತಿರುವುಮುರುವು ಮಾಡುತ್ತಾರೆ.

ಆ ರಸ್ತೆಯಲ್ಲಿ ನಿಮ್ಮ ವೇಗ 50ರಿಂದ 80ರ ಒಳಗೆ. ಬಸ್ಸಿನ ಹಿಂದೆ ಸಿಕ್ಕಿಕೊಂಡು, ಎದುರು ಖಾಲಿ ಕಂಡೊಡನೆ ದಾಟಬೇಕು. ಅಲ್ಲಿ ಕೆಲಸಕ್ಕೆ ಬರುವುದು ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಸಿಗುವ ಎಳೆತ, ಅಂದರೆ ಟಾರ್ಕ್. ಅದರ ಅಳತೆ ಎನ್‌ಎಂ (ನ್ಯೂಟನ್ ಮೀಟರ್). ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರ 27 ಎನ್‌ಎಂ ಟಾರ್ಕ್ 4,000 ಆರ್‌ಪಿಎಂಗೆ ಬರುತ್ತದೆ, ಹೋಂಡಾ ಹೈನೆಸ್ ಸಿಬಿ350ರ 30 ಎನ್‌ಎಂ 3,000ಕ್ಕೇ ಬರುತ್ತದೆ. 2023ರಲ್ಲಿ ಬಂದ 398 ಸಿಸಿಯ ಟ್ರಯಂಫ್ ಸ್ಪೀಡ್ 400ರಲ್ಲಿ 37.5 ಎನ್‌ಎಂ ಇದೆ, ಆದರೆ ಅದು ಪೂರ್ತಿ ಸಿಗುವುದು 6,500ರಲ್ಲಿ. ಕೆಟಿಎಂ 390 ಡ್ಯೂಕ್‌ನ 39 ಎನ್‌ಎಂ ಕೂಡ ಹೆಚ್ಚುಕಡಿಮೆ ಅಷ್ಟೇ ಮೇಲೆ. 350ರಲ್ಲಿ ಗೇರ್ ಮುಟ್ಟದೆ ಬಸ್ಸು ದಾಟಬಹುದು. 390ರಲ್ಲಿ ಒಂದು ಗೇರ್ ಇಳಿಸಬೇಕು, ಇಳಿಸಿದರೆ ಮಾತ್ರ ಬಾಣದ ಹಾಗೆ ಹೋಗುತ್ತದೆ. ಮೇಲಿನ ಗೇರಿನಲ್ಲಿ 3,000ಕ್ಕಿಂತ ಕೆಳಗೆ ಎಳೆದರೆ ಡ್ಯೂಕ್ ಕೆಮ್ಮುತ್ತದೆ.

ಇನ್ನು ತೂಕ. ‘400 ಅಂದ್ರೆ ಭಾರ’ ಅನ್ನುವುದು ತಪ್ಪು ತಿಳಿವಳಿಕೆ. ಕ್ಲಾಸಿಕ್ 195 ಕೆ.ಜಿ., ರಾಯಲ್ ಎನ್‌ಫೀಲ್ಡ್‌ನದೇ ಹಂಟರ್ 350 ಮತ್ತು ಹೈನೆಸ್ ಸಿಬಿ350 ತಲಾ 181, 2023ರ ಸ್ಪೀಡ್ 400 ಬರೀ 176, ಡ್ಯೂಕ್ ಇನ್ನೂ ಕಡಿಮೆ. ಅಂಜಬೇಕಾದದ್ದು ಆಕ್ಸಲರೇಟರಿಗೆ. ನಿಮ್ಮ 125ರ ಶಕ್ತಿ ಹನ್ನೊಂದು ಪಿಎಸ್ (ಹೆಚ್ಚುಕಡಿಮೆ ಅಶ್ವಶಕ್ತಿ) ಆಸುಪಾಸು, 350ರದು ಇಪ್ಪತ್ತು ಚಿಲ್ಲರೆ, 400ರದು ನಲವತ್ತು. ಒಂದರಲ್ಲಿ ಎರಡು ಪಟ್ಟು, ಇನ್ನೊಂದರಲ್ಲಿ ನಾಲ್ಕು ಪಟ್ಟು. ಜುಲೈ ತಿಂಗಳ ಮಳೆಯಲ್ಲಿ, ತಿರುವಿನ ನಡುವೆ, ಒದ್ದೆ ಗ್ಲೌಸಿನ ಕೈ ಒಂದಿಷ್ಟು ಹೆಚ್ಚು ತಿರುಗಿದರೆ 350 ತಪ್ಪನ್ನು ನುಂಗಿಕೊಳ್ಳುತ್ತದೆ. 400 ಅಷ್ಟು ಉದಾರಿಯಲ್ಲ.

ಖರ್ಚಿನ ಮಾತಿಗೆ ಬಂದರೆ, 350 ಸಿಸಿ ಎಂಬ ಗೆರೆ ಈಗ ದುಬಾರಿ ಗೆರೆ. 2025ರ ಸೆಪ್ಟೆಂಬರ್ 22ರಿಂದ ಆ ಗೆರೆಯ ಒಳಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, ಮೇಲಿನವುಗಳದು ಶೇ 40ಕ್ಕೆ ಏರಿತು. ಥರ್ಡ್ ಪಾರ್ಟಿ ವಿಮೆಯಲ್ಲೂ ಅದೇ ಗೆರೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಲ್ಲಿ 150ರಿಂದ 350 ಸಿಸಿವರೆಗೆ ವರ್ಷಕ್ಕೆ 1,366 ರೂ., ಅದಕ್ಕಿಂತ ಮೇಲೆ 2,804 ರೂ. ಹೊಸ ಗಾಡಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕಾದ್ದರಿಂದ ಈ ಅಂತರ ಮೊದಲ ದಿನವೇ ಬಿಲ್ಲಿನಲ್ಲಿ ಕಾಣುತ್ತದೆ. ಲಕ್ಷ ರೂಪಾಯಿ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ಶೇ 18 ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಆದ್ದರಿಂದ ಶೋರೂಂ ಬೆಲೆ ಕೇಳಿ ಲೆಕ್ಕ ಹಾಕಬೇಡಿ, ಆನ್‌ರೋಡ್ ಕೊಟೇಶನ್ ಬರೆಸಿಕೊಳ್ಳಿ. ಪೆಟ್ರೋಲಿನ ವ್ಯತ್ಯಾಸ ಮಾತ್ರ ಜನ ಹೆದರಿಸುವಷ್ಟಿಲ್ಲ. ಲೀಟರಿಗೆ 35 ಕಿ.ಮೀ. ಕೊಟ್ಟರೆ ಬೇಲೂರಿನ ತಿಂಗಳ ಓಡಾಟಕ್ಕೆ 36 ಲೀಟರ್, 29 ಕೊಟ್ಟರೆ 43.

ನಮ್ಮ ಮತ 350ಕ್ಕೇ. ಹೆಂಡತಿ ಜೊತೆಗಿರುವುದು ಹೆಚ್ಚಾದರೆ ಸಿಬಿ350 ಅಥವಾ ಕ್ಲಾಸಿಕ್. ಒಬ್ಬರೇ ಓಡಿಸುವುದು ಹೆಚ್ಚಾದರೆ ಹಂಟರ್, ಆದರೆ ಅದರ ಹಿಂದಿನ ಸಸ್ಪೆನ್ಷನ್ ಗಡುಸು, ಗುಂಡಿ ಬಿದ್ದ ರಸ್ತೆಯಲ್ಲಿ ಬೆನ್ನಿಗೆ ಗೊತ್ತಾಗುತ್ತದೆ. ಗೆಳೆಯರು ಹೇಳಿದ ಬೇಜಾರು ಸುಳ್ಳಲ್ಲ. ವಾರವಾರ ಹೆದ್ದಾರಿ ಹಿಡಿದು ಬೆಂಗಳೂರಿಗೆ ಹೋಗಿ ಬರುವವರಾದರೆ ನೂರರ ವೇಗದಲ್ಲಿ 350 ಏದುಸಿರು ಬಿಡುತ್ತದೆ, ಅಂಥವರು 400 ತಗೊಳ್ಳುವುದೇ ಸರಿ. ನಿಮ್ಮ ಪತ್ರದಲ್ಲಿ ಆ ಓಡಾಟ ಕಾಣಲಿಲ್ಲ.

ಟೆಸ್ಟ್ ರೈಡ್ ಅಂದರೆ ಶೋರೂಂ ಮುಂದೆ ಒಂದು ಸುತ್ತಲ್ಲ, ಕನಿಷ್ಠ ಇಪ್ಪತ್ತು ನಿಮಿಷ ಕೇಳಿ. ದಿನಾ ಹಾಕುವ ಶೂ ಹಾಕಿಕೊಂಡು ಹೋಗಿ, ಹೆಂಡತಿಯನ್ನೂ ಕರೆದುಕೊಂಡು ಹೋಗಿ. ಅವರನ್ನು ಕೂರಿಸಿಕೊಂಡೇ ಕಿರಿದಾದ ಬೀದಿಯಲ್ಲಿ ಯು ಟರ್ನ್ ಹೊಡೆಯಿರಿ. ಎಂಜಿನ್ ಆರಿಸಿ, ಇಳಿಜಾರಿಗೆ ಮೂತಿ ಮಾಡಿ ನಿಲ್ಲಿಸಿದ ಗಾಡಿಯನ್ನು ಕೂತಲ್ಲಿಂದಲೇ ಕಾಲಿನಿಂದ ಹಿಂದಕ್ಕೆ ತಳ್ಳಿ ನೋಡಿ. ಸೀಟಿನ ಎತ್ತರ ಸರಿಯಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಹಂಟರ್, 2023ರ ಸ್ಪೀಡ್ 400 ಎರಡರ ಸೀಟೂ 790 ಮಿ.ಮೀ., ಕ್ಲಾಸಿಕ್‌ದು 805. ಒಂದೂವರೆ ಸೆಂಟಿಮೀಟರ್ ಏನು ಮಹಾ ಅನ್ನಿಸಬಹುದು, ಆದರೆ ಸೀಟು ಅಗಲವಿದ್ದಷ್ಟೂ ತೊಡೆ ಹರಡಿ ಕಾಲು ಇನ್ನಷ್ಟು ಗಿಡ್ಡವಾಗುತ್ತದೆ.

ಕೊನೆಗೊಂದು ಸಣ್ಣ ವಿಷಯ, ಯಾವ ಜಾಹೀರಾತಿನಲ್ಲೂ ಇರುವುದಿಲ್ಲ. ಹಿಂದಿನ ಮಡ್‌ಗಾರ್ಡ್ ಚೋಟುದ್ದ ಇರುವ ಗಾಡಿಯಲ್ಲಿ ಮಳೆಗಾಲದ ಬೆಳಿಗ್ಗೆ ಬೇಲೂರು ಮುಟ್ಟುವಷ್ಟರಲ್ಲಿ ಬೆನ್ನಿಗೆ ಕೆಸರಿನ ಪಟ್ಟೆ ಬಿದ್ದಿರುತ್ತದೆ. ಆಫೀಸಿಗೆ ಹೋಗುವವರು ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಹಾಸನದವಳು, ಎತ್ತರ 5 ಅಡಿ 2 ಅಂಗುಲ, ತೂಕ 52 ಕೆ.ಜಿ. ಸ್ಕೂಟರ್ ಬಿಟ್ಟು ಹಂಟರ್ 350 ತಗೋಬೇಕು ಅಂತಿದೀನಿ. ‘ಬಿದ್ರೆ ಎತ್ತೋಕಾಗುತ್ತೇನಮ್ಮಾ ಅಷ್ಟು ಭಾರ’ ಅಂತ ಅಪ್ಪ ತಡೀತಿದಾರೆ.

ಉತ್ತರ: ಎತ್ತಬಹುದು, ರಟ್ಟೆಯಿಂದಲ್ಲ, ತೊಡೆಯಿಂದ. ಮೊದಲು ಎಂಜಿನ್ ಆರಿಸಿ. ಗಾಡಿ ಬಲಕ್ಕೆ ಬಿದ್ದಿದ್ದರೆ ಎತ್ತುವ ಮುಂಚೆಯೇ ಸೈಡ್ ಸ್ಟ್ಯಾಂಡ್ ತೆಗೆದಿಡಿ, ಇಲ್ಲವಾದರೆ ಎತ್ತಿದ ರಭಸಕ್ಕೆ ಆಚೆ ಬದಿಗೆ ಬೀಳುತ್ತದೆ. ಉರುಳದ ಹಾಗೆ ಗೇರ್‌ಗೆ ಹಾಕಿ. ಹ್ಯಾಂಡಲನ್ನು ನೆಲದ ಕಡೆಗೆ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ ಕುಕ್ಕರುಗಾಲಿನಲ್ಲಿ ಕೂತು ಸೊಂಟವನ್ನು ಸೀಟಿಗೆ ಆನಿಸಿ. ಒಂದು ಕೈಯಲ್ಲಿ ಹ್ಯಾಂಡಲ್ ಗ್ರಿಪ್, ಇನ್ನೊಂದರಲ್ಲಿ ಹಿಂದಿನ ಹಿಡಿ. ಬೆನ್ನು ನೆಟ್ಟಗಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ಒತ್ತುತ್ತ ಏಳಿ. ಮನೆ ಮುಂದೆ ಹಳೆಯ ಹಾಸಿಗೆಯ ಮೇಲೆ ಗಾಡಿ ಮಲಗಿಸಿ, ಅಪ್ಪನ ಎದುರಿಗೇ ಒಮ್ಮೆ ಎತ್ತಿ ತೋರಿಸಿ.

ಅದಕ್ಕಿಂತ ಮುಖ್ಯವಾದದ್ದು ಲೈಸೆನ್ಸ್. ಸ್ಕೂಟರಿಗೆಂದು ಮಾಡಿಸಿದ್ದು ‘ಗೇರ್ ರಹಿತ’ ವರ್ಗದ್ದಾಗಿದ್ದರೆ ಹಂಟರ್‌ಗೆ ಅದು ಸಾಲದು. ಎಲ್‌ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ ಗೇರ್ ಇರುವ ವರ್ಗವನ್ನು ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ಅಪಘಾತವಾದಾಗ ವಿಮಾ ಕಂಪನಿ ಕೈಯೆತ್ತಲು ದಾರಿಯಾಗುತ್ತದೆ. ಗೇರ್ ವರ್ಗ ಒಂದು ಸಿಕ್ಕರೆ ನಮ್ಮಲ್ಲಿ ಸಿಸಿಗೆ ತಕ್ಕಂತೆ ಬೇರೆ ಲೈಸೆನ್ಸ್ ಇಲ್ಲ.

ಕ್ಲಚ್ ಕಲಿಯುವುದನ್ನು 350ರಲ್ಲೇ ಶುರು ಮಾಡಬೇಡಿ. ಮನೆಯವರದೋ ನೆಂಟರದೋ 100–125 ಸಿಸಿ ಗಾಡಿಯಲ್ಲಿ ಒಂದು ತಿಂಗಳು, ಎನ್.ಆರ್. ಸರ್ಕಲ್ಲಿನಂಥ ಸಂದಣಿಯಲ್ಲಿ ಎಂಜಿನ್ ಆರದ ಹಾಗೆ ಓಡಿಸುವಷ್ಟು ಕೈ ಪಳಗಲಿ. ಸ್ಕೂಟರಿನಿಂದ ಬಂದವರಿಗೆ ಒಂದು ಅಪಾಯ ಇದೆ. ಎಡಗೈ ಬ್ರೇಕ್ ಹಿಡಿಯುವ ಅಭ್ಯಾಸದಲ್ಲಿ ಗಾಬರಿಯಾದಾಗ ಕ್ಲಚ್ ಹಿಡಿದುಬಿಡುತ್ತದೆ, ಗಾಡಿ ನಿಲ್ಲುವ ಬದಲು ಎಂಜಿನ್ ಹಿಡಿತವೂ ತಪ್ಪಿ ಸಲೀಸಾಗಿ ಮುಂದೆ ಹೋಗುತ್ತದೆ. ಗೊರೂರು ರಸ್ತೆಯಂಥ ಕಡೆ ಖಾಲಿ ಜಾಗ ನೋಡಿ, 40ರ ವೇಗದಿಂದ ಬಲಗೈ ಬಲಗಾಲು ಎರಡರಿಂದಲೂ ಬ್ರೇಕ್ ಹಿಡಿದು ನಿಲ್ಲಿಸುವುದನ್ನು ದಿನಕ್ಕೆ ಹತ್ತು ಸಲದಂತೆ ವಾರವಿಡೀ ಮಾಡಿ.

ಸೀಟು ಎತ್ತರ ಅನ್ನಿಸಿದರೆ ಫೋಮ್ ಕೊರೆಸಿ ಒಂದೆರಡು ಸೆಂಟಿಮೀಟರ್ ಇಳಿಸಿಕೊಳ್ಳಬಹುದು. ಸಸ್ಪೆನ್ಷನ್ ಗಿಡ್ಡ ಮಾಡಿಸಲು ಮಾತ್ರ ಹೋಗಬೇಡಿ. ಹಂಪ್‌ಗೆ ಹೊಟ್ಟೆ ತಾಗುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ನೆಟ್ಟಗೆ ನಿಂತು ಆಚೆಗೆ ಬೀಳುತ್ತದೆ.

ಪ್ರಶ್ನೆ: ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಸುಟ್ಟ ವಾಸನೆ ಬಂತು, ಹಿಂದಿನ ಬ್ರೇಕ್ ಹಿಡಿಯಲೇ ಇಲ್ಲ. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಸರಿಯಾಯಿತು. ಹೊಸ ಗಾಡಿ, ಏನು ದೋಷ?

ಉತ್ತರ: ಗಾಡಿಯದಲ್ಲ, ಕಾಲಿನದು. ಘಾಟಿಯುದ್ದಕ್ಕೂ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡಿಸ್ಕ್ ತಣ್ಣಗಾಗಲು ಪುರುಸೊತ್ತು ಸಿಗುವುದಿಲ್ಲ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್ ಕಾದು ಹಿಡಿತ ಬಿಟ್ಟಿದೆ ಎಂದರ್ಥ. ಪೆಡಲ್ ಸ್ಪಂಜಿನ ಹಾಗೆ ಮೆತ್ತಗೆ ಕೆಳಗಿಳಿದರೆ ಬ್ರೇಕ್ ಆಯಿಲ್ ಕುದಿದಿದೆ. ಹೊಸ ಡಾಟ್ 4 ಆಯಿಲ್ 230 ಡಿಗ್ರಿಯವರೆಗೆ ಕುದಿಯಬಾರದು, ಆದರೆ ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಹಾಗೆ ತೇವ ಕುಡಿದ ಆಯಿಲ್‌ಗೆ ಇರುವ ಮಿತಿ 155 ಡಿಗ್ರಿ. ಮಲೆನಾಡಿನ ಹವೆಗೆ ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಿಸಬೇಕು ಅನ್ನುವುದು ಇದಕ್ಕೇ.

ಘಾಟಿ ಹತ್ತುವಾಗ ಯಾವ ಗೇರು ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರು, ಹೆಚ್ಚಾಗಿ ಎರಡು ಅಥವಾ ಮೂರು. ವೇಗವನ್ನು ಎಂಜಿನ್ ಹಿಡಿದಿರಲಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಒಮ್ಮೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ಬಿಡುವವರನ್ನು ಅನುಕರಿಸಬೇಡಿ. ಫ್ಯೂಯೆಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಇಂಧನ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ, ನ್ಯೂಟ್ರಲ್‌ನಲ್ಲೇ ಖರ್ಚಾಗುವುದು.

ಎಬಿಎಸ್ ಇದೆ ಎಂದು ಪಾಚಿ ಕಟ್ಟಿದ ತಿರುವಿನಲ್ಲಿ ಧೈರ್ಯ ಮಾಡಬೇಡಿ. ನೆಟ್ಟಗಿರುವ ಗಾಡಿಯ ಚಕ್ರ ಕಟ್ಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ, ವಾಲಿದ ಗಾಡಿ ಅಡ್ಡಡ್ಡ ಜಾರುವುದನ್ನು ಮಾಮೂಲಿ ಎಬಿಎಸ್ ತಡೆಯದು. ಹೇರ್‌ಪಿನ್‌ಗಳಲ್ಲಿ ಲಾರಿ, ಬಸ್ಸಿನ ಟ್ಯಾಂಕ್‌ನಿಂದ ಚೆಲ್ಲಿದ ಡೀಸೆಲ್ ಬೇರೆ ಇರುತ್ತದೆ. ಮಳೆ ಬಿದ್ದ ಟಾರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಅದೇ.

ಪ್ರಶ್ನೆ: ಸ್ಪೋಕ್ ಚಕ್ರ ಚೆಂದ, ಅಲಾಯ್ ಅನುಕೂಲ ಅಂತಾರೆ. ಮೂಡಿಗೆರೆಯಲ್ಲಿರುವವರಿಗೆ ಯಾವುದು?

ಉತ್ತರ: ಅಲಾಯ್, ಟ್ಯೂಬ್‌ಲೆಸ್. ಟ್ಯೂಬ್ ಟೈರ್ ಪಂಕ್ಚರ್ ಆದರೆ ಗಾಳಿ ಒಮ್ಮೆಲೇ ಇಳಿಯುತ್ತದೆ, ಚಕ್ರ ಬಿಚ್ಚದೆ ಗತಿಯಿಲ್ಲ. ದೇವರಮನೆ ದಾರಿಯಲ್ಲಿ ಸಂಜೆ ಆರಕ್ಕೆ ಪಂಕ್ಚರ್ ಅಂಗಡಿ ಎಲ್ಲಿ ಹುಡುಕುತ್ತೀರಿ? ಟ್ಯೂಬ್‌ಲೆಸ್ ಆದರೆ ಮೊಳೆ ಕಿತ್ತು, ರಬ್ಬರ್ ದಾರ ತುರುಕಿ, ಸಣ್ಣ ಪಂಪಿನಿಂದ ಗಾಳಿ ಹಾಕಲು ಕಾಲು ಗಂಟೆ ಸಾಕು. ಆನೆ ಓಡಾಡುವ ಸೀಮೆಯಲ್ಲಿ ಕತ್ತಲಾದ ಮೇಲೆ ಗಾಡಿ ತಳ್ಳುವ ಪ್ರಸಂಗವೇ ಬರಬಾರದು. ಟ್ಯೂಬ್ ಬೇಡದ ಸ್ಪೋಕ್ ಚಕ್ರವೂ ಈಗ ಹಿಮಾಲಯನ್ 450ರಂಥ ಕೆಲವು ಗಾಡಿಗೆ ಸಿಗುತ್ತದೆ, ಬೆಲೆ ಜಾಸ್ತಿ.

ಪ್ರಶ್ನೆ: ಸಕಲೇಶಪುರದಲ್ಲಿ ಹಳೆಯ ಹಿಮಾಲಯನ್ 411 ಮಾರಾಟಕ್ಕಿದೆ. ತೋಟದ ದಾರಿಗೂ ಆಗುತ್ತದೆ, ಪೇಟೆಗೂ ಆಗುತ್ತದೆ. ಏನೇನು ನೋಡಬೇಕು?

ಉತ್ತರ: ನೀವು ಬರುತ್ತೀರೆಂದು ಎಂಜಿನ್ ಬಿಸಿ ಮಾಡಿಡಬಾರದು ಎಂದು ಮೊದಲೇ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮಾತ್ರ ಸದ್ದು, ಹೊಗೆ ನಿಜ ಹೇಳುತ್ತವೆ. 2016ರ ಕಾರ್ಬುರೇಟರ್ ಗಾಡಿ ಬೇಡ, 2020ರಿಂದ ಈಚಿನ ಬಿಎಸ್6 ಹುಡುಕಿ.

ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಕ್ಕೆ ಒತ್ತಿಸಿ ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ಒಂದು ಬೆರಳಿನಿಂದ ಆಚೀಚೆ ತಿರುಗಿಸಿ. ನಟ್ಟನಡುವೆ ‘ಟಕ್’ ಎಂದು ಕೂತ ಹಾಗಾದರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಹೋಗಿದೆ, ಈ ಗಾಡಿಯಲ್ಲಿ ಇದು ಬೇಗ ಸವೆಯುವ ಭಾಗ. ಫೋರ್ಕ್ ಪೈಪಿನ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಸೋರುತ್ತಿದೆ. ಹಿಂದಿನ ಸ್ಪ್ರಾಕೆಟ್ ಮೇಲೆ ಚೈನನ್ನು ಹಿಂದಕ್ಕೆ ಎಳೆದಾಗ ಹಲ್ಲಿನ ಅರ್ಧ ಭಾಗ ಕಾಣಿಸಿದರೆ ಪೂರ್ತಿ ಚೈನ್ ಸ್ಪ್ರಾಕೆಟ್ ಕಿಟ್ ಬೇಕು. ಹಿಂದಿನ ಮೋನೋಶಾಕ್ ಕೆಳಗಿನ ಲಿಂಕೇಜನ್ನು ಬಗ್ಗಿ ನೋಡಿ. ಮಳೆ ನೀರು, ತೋಟದ ಕೆಸರು ಸೇರಿ ಅಲ್ಲಿ ಗ್ರೀಸ್ ಒಣಗಿ ಬೇರಿಂಗ್ ತುಕ್ಕು ಹಿಡಿದಿರುತ್ತದೆ, ಸೀಟಿನ ಮೇಲೆ ಕುಳಿತು ಕುಣಿದಾಗ ಕಿರ್ ಎಂದರೆ ಅದೇ. ಎಂಜಿನ್ ಕೆಳಗಿನ ಬ್ಯಾಷ್ ಪ್ಲೇಟ್ ನೆಗ್ಗಿದ್ದರೆ ಹೆದರಬೇಕಿಲ್ಲ, ಅದಿರುವುದೇ ಪೆಟ್ಟು ತಿನ್ನಲು. ಅದರ ಹಿಂದೆ ಎಂಜಿನ್ ಕೇಸಿಗೆ ವೆಲ್ಡಿಂಗೋ ಎಂ-ಸೀಲೋ ಹಚ್ಚಿದ್ದರೆ ಸುಮ್ಮನೆ ವಾಪಸ್ ಬನ್ನಿ. ಮೀಟರ್ 15,000 ತೋರಿಸುತ್ತ, ಫುಟ್‌ರೆಸ್ಟ್ ರಬ್ಬರ್ ಸವೆದು ಬೋಳಾಗಿದ್ದರೆ ಯಾವುದನ್ನು ನಂಬಬೇಕೆಂದು ನಿಮಗೇ ಗೊತ್ತು.

ಕಾಗದ ಪತ್ರದಲ್ಲಿ, ಆರ್‌ಸಿಯನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ತಾಳೆ ನೋಡಿ, ಬಾಕಿ ದಂಡ ಇದೆಯೇ ಹುಡುಕಿ. ಮಾಲೀಕತ್ವ ಬದಲಾವಣೆಗೆ ಫಾರ್ಮ್ 29, 30ಕ್ಕೆ ಸಹಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. 411 ಆದ್ದರಿಂದ 350ರ ಮೇಲಿನ ದರವೇ ನಿಮಗೂ.

ಪ್ರಶ್ನೆ: ಹೊಸ ಬೈಕಿಗೆ ಸೈಲೆನ್ಸರ್ ಬದಲಿಸಿ, ಸೀರೆ ಗಾರ್ಡ್ ತೆಗೆಸಿದರೆ ತೊಂದರೆಯೇ?

ಉತ್ತರ: ಎರಡೂ ನಿಯಮಕ್ಕೆ ವಿರುದ್ಧ. ದಂಡ ಬಿಡಿ, ಸದ್ದಿನ ಸೈಲೆನ್ಸರಿನಿಂದ ಶಕ್ತಿ ಹೆಚ್ಚುವುದಿಲ್ಲ, ವಾರಂಟಿ ತಕರಾರು ಹೆಚ್ಚುತ್ತದೆ. ಆ ದುಡ್ಡಿಗೆ ಐಎಸ್ಐ ಗುರುತಿನ ಒಳ್ಳೆಯ ಹೆಲ್ಮೆಟ್, ಬೆರಳು ಗಂಟಿಗೆ ರಕ್ಷೆಯಿರುವ ಗ್ಲೌಸ್, ಮಳೆಗೆ ಒಂದು ಜೊತೆ ಗಟ್ಟಿ ರೇನ್‌ಕೋಟ್ ಬರುತ್ತದೆ. ಸೀರೆ ಗಾರ್ಡ್ ಇರಲಿ. ಹಿಂದೆ ಕೂತವರ ಸೆರಗು, ದುಪಟ್ಟಾ ಚಕ್ರಕ್ಕೆ ಸಿಕ್ಕದಂತೆ ತಡೆಯುವುದು ಅದೊಂದೇ.